ಹಳೇ ಐಪ್ಯಾಡ್‌ನಲ್ಲಿ ಹಾಡು ಪಟಪಟ ಅನ್ನುತ್ತಿದೆ, ಹೊಸದು ತಗೊಳ್ಳಲೇಬೇಕಾ?

ಹಾರ್ಮೋನಿಯಂ ಹುಡುಗ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 2018ರ ಐಪ್ಯಾಡ್, ಆರನೇ ತಲೆಮಾರಿನದು, 32 ಜಿಬಿ. ಮಾವ ಬಳಸಿ ಕೊಟ್ಟಿದ್ದು. ಅದರಲ್ಲಿ ಕ್ಯೂಬೇಸಿಸ್ 3 ಅನ್ನುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಂಡು ನಮ್ಮ ಅಜ್ಜಿ ಹಾಡುವ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಅಜ್ಜಿಗೆ 81 ವರ್ಷ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದೆ ಹೇಳುವುದು ನಿಮಗೂ ಗೊತ್ತಲ್ವಾ? ಅಜ್ಜಿಗೆ ಒಂದು ಟ್ರ್ಯಾಕ್, ಹಿಂದೆ ಹೇಳುವ ಅತ್ತೆಗೂ ಪಕ್ಕದ ಮನೆಯವರಿಗೂ ಒಂದೊಂದು. ಆಮೇಲೆ ನಾನು ತಂಬೂರಿ, ಹಾರ್ಮೋನಿಯಂ, ಸ್ವಲ್ಪ ಸ್ಟ್ರಿಂಗ್ಸ್ ಸೇರಿಸುತ್ತೇನೆ.

ಏಳೆಂಟು ಟ್ರ್ಯಾಕ್ ಆಗುವವರೆಗೆ ಎಲ್ಲಾ ಚೆನ್ನಾಗಿಯೇ ನಡೆಯುತ್ತದೆ. ಎರಡನೇ ಸಿಂಥ್ (ವಾದ್ಯದ ದನಿ ಹುಟ್ಟಿಸುವ ಸಾಫ್ಟ್‌ವೇರ್) ತೆರೆದು ಅದಕ್ಕೊಂದು ರಿವರ್ಬ್ (ಅನುರಣನ) ಹಾಕಿದ ಕೂಡಲೇ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಪಟಪಟ ಸದ್ದು ಶುರು. ಮೊನ್ನೆ ಆ್ಯಪ್ ತಾನಾಗಿಯೇ ಮುಚ್ಚಿಕೊಂಡಿತು. ಒಂದು ಅಂಗಡಿಯಲ್ಲಿ ಕೇಳಿದೆ. ‘ಇದು ಹಳೇದಾಯ್ತು, ಐಪ್ಯಾಡ್ ಪ್ರೊ ತಗೊಳ್ಳಿ, ಇಲ್ಲದಿದ್ದರೆ ಮ್ಯೂಸಿಕ್ ಕೆಲಸ ಆಗಲ್ಲ’ ಎಂದರು. ಬೆಲೆ ಕೇಳಿ ವಾಪಸ್ ಬಂದೆ. ಅಡಿಕೆ ದುಡ್ಡು ಕೈಗೆ ಬಂದ ಮೇಲೆ ಸ್ವಲ್ಪ ತೆಗೆದಿಡಬಹುದು, ಆದರೆ ಅಷ್ಟೊಂದು ಸುರಿಯಲು ಆಗುವುದಿಲ್ಲ. 2025ರ, ಎ16 ಚಿಪ್ ಇರುವ ಐಪ್ಯಾಡ್ ಹೊಸದು ತಗೊಳ್ಳಲಾ, ಇಲ್ಲಾ ಸೆಕೆಂಡ್ ಹ್ಯಾಂಡ್‌ನಲ್ಲಿ ಎಂ1 ಚಿಪ್‌ನ ಐಪ್ಯಾಡ್ ಏರ್ ನೋಡಲಾ? ಬಳಸಿದವರು ಹೇಳಿ.

ಸ್ಟುಡಿಯೋ ಮೂಲೆ, ಬೆಂಗಳೂರು:

ತಮ್ಮ, ಆ ಪಟಪಟ ಸದ್ದು ಯಾಕೆ ಬರುತ್ತದೆ ಅಂತ ಮೊದಲು ನೋಡೋಣ. ಅದು ಗೊತ್ತಾದರೆ ಯಾವುದು ಕೊಳ್ಳಬೇಕು ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ.

ಮದುವೆ ಊಟದ ಪಂಕ್ತಿ ನೆನೆಸಿಕೊಳ್ಳಿ. ಬಡಿಸುವವರು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಬೇಕು. ಎಲೆ ಖಾಲಿಯಾಗುವ ಮೊದಲೇ ಮುಂದಿನ ಸುತ್ತು ಬರಬೇಕು. ಟ್ಯಾಬ್ಲೆಟ್ ಕೂಡ ದನಿಯನ್ನು ಹೀಗೇ ಸುತ್ತು ಸುತ್ತಾಗಿ ಬಡಿಸುತ್ತದೆ. ಒಂದು ಸುತ್ತಿನಲ್ಲಿ ಎಷ್ಟು ಬಡಿಸಬೇಕು ಅನ್ನುವುದೇ ಬಫರ್. ಸೆಕೆಂಡಿಗೆ ದನಿಯ 44,100 ತುಣುಕು ಅನ್ನುವ ಸ್ಯಾಂಪಲ್ ರೇಟ್‌ನಲ್ಲಿ ಬಫರ್ 128 ತುಣುಕು ಇಟ್ಟರೆ ಒಂದು ಸುತ್ತಿಗೆ ಸಿಗುವ ಸಮಯ ಬರೀ 2.9 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲಾ ಟ್ರ್ಯಾಕ್, ಎಲ್ಲಾ ಸಿಂಥ್, ಎಲ್ಲಾ ರಿವರ್ಬ್ ಲೆಕ್ಕ ಮುಗಿಯಬೇಕು. ಮುಗಿಯಲಿಲ್ಲವೋ, ಆ ಸುತ್ತಿಗೆ ಎಲೆ ಖಾಲಿ. ನಿಮ್ಮ ಸಾಸಿವೆ ಸಿಡಿಯುವುದು ಅಲ್ಲೇ. ಬಫರ್ 512 ಮಾಡಿದರೆ 11.6 ಮಿಲಿಸೆಕೆಂಡ್ ಸಿಗುತ್ತದೆ, 1024 ಮಾಡಿದರೆ 23.2. ಆದರೆ ಬಫರ್ ಏರಿದಷ್ಟೂ ದನಿ ತಡವಾಗಿ ಹೊರಗೆ ಬರುತ್ತದೆ.

ಹಾಗಾಗಿ ನಮ್ಮ ಕೆಲಸಕ್ಕೆ ಟ್ಯಾಬ್ಲೆಟ್ ಒಟ್ಟಾರೆ ಎಷ್ಟು ವೇಗ ಅನ್ನುವುದಕ್ಕಿಂತ, ಒಂದು ಸುತ್ತೂ ತಪ್ಪದೆ ಬಡಿಸುತ್ತದಾ ಅನ್ನುವುದೇ ದೊಡ್ಡ ಮಾತು. ಗೇಮ್ ಆಡುವಾಗ ಒಂದು ಫ್ರೇಮ್ ತಪ್ಪಿದರೆ ಕಣ್ಣಿಗೆ ಗೊತ್ತೇ ಆಗಲ್ಲ. ದನಿಯಲ್ಲಿ ತಪ್ಪಿದರೆ ಕಿವಿ ಕೂಡಲೇ ಹಿಡಿಯುತ್ತದೆ.

ಇನ್ನೊಂದು ವಿಷಯ. ಒಂದು ಟ್ರ್ಯಾಕ್‌ನಲ್ಲಿ ಸಿಂಥ್, ಆಮೇಲೆ ಈಕ್ಯೂ (ದನಿಯ ಮಂದ್ರ-ತಾರ ಹೊಂದಿಸುವುದು), ಕಂಪ್ರೆಸರ್ (ದನಿಯ ಏರಿಳಿತ ಸಮ ಮಾಡುವುದು), ರಿವರ್ಬ್ ಸಾಲಾಗಿ ಇವೆ ಅಂದುಕೊಳ್ಳಿ. ಈಕ್ಯೂ ಮುಗಿಯದೆ ಕಂಪ್ರೆಸರ್ ಶುರುವಾಗುವಂತಿಲ್ಲ. ಚಿಪ್‌ನಲ್ಲಿ ಎಂಟು ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೂ ಆ ಸಾಲನ್ನು ಹಂಚಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಒಂದೊಂದು ಕೋರ್ ಎಷ್ಟು ಗಟ್ಟಿ ಅಂತ ಮೊದಲು ನೋಡಬೇಕು. ಎಷ್ಟು ಕೋರ್ ಇವೆ ಅನ್ನುವುದು ಆಮೇಲೆ. ನಿಮ್ಮ ಐಪ್ಯಾಡ್‌ನ ಎ10 ಚಿಪ್‌ನಲ್ಲಿ ದೊಡ್ಡ ಕೋರ್ ಎರಡು, ಚಿಕ್ಕವು ಎರಡು. ಒಂದು ಹೊತ್ತಿಗೆ ಒಂದು ಜೋಡಿ ಮಾತ್ರ ದುಡಿಯುತ್ತದೆ. ರ‍್ಯಾಮ್ 2 ಜಿಬಿ. ಪಟಪಟ ಅಂದಿದ್ದು ಪ್ರೊಸೆಸರ್ ಸಾಲದೆ. ಆ್ಯಪ್ ಮುಚ್ಚಿಕೊಂಡಿದ್ದು ಬಹುಶಃ ರ‍್ಯಾಮ್ ಸಾಲದೆ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಈಗ ನೀವು ಕೇಳಿದ ಎರಡಕ್ಕೆ ಬರೋಣ. ಎ16 ಐಪ್ಯಾಡ್‌ನಲ್ಲಿ ಎರಡು ದೊಡ್ಡ ಕೋರ್, ಮೂರು ಚಿಕ್ಕವು, 6 ಜಿಬಿ ರ‍್ಯಾಮ್. 2022ರ ಎಂ1 ಏರ್‌ನಲ್ಲಿ ನಾಲ್ಕು ದೊಡ್ಡವು, ನಾಲ್ಕು ಚಿಕ್ಕವು, 8 ಜಿಬಿ. ಒಂದೊಂದೇ ಕೋರ್ ಹಿಡಿದು ನೋಡಿದರೆ ಎರಡೂ ಹೆಚ್ಚುಕಡಿಮೆ ಸಮ. ಒಂದೇ ಸಿಂಥ್ ನುಡಿಸುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಟ್ರ್ಯಾಕ್ ಜಾಸ್ತಿ ಆದ ಹಾಗೆ ಎಂ1 ಮುಂದೆ ಹೋಗುತ್ತದೆ.

ನನ್ನ ತಮ್ಮನ ಹತ್ತಿರ ನಿಮ್ಮದೇ 2018ರ ಐಪ್ಯಾಡ್ ಇದೆ, ನನ್ನದು ಎಂ1 ಏರ್. ಒಂದು ಭಾನುವಾರ ಎರಡನ್ನೂ ಅಕ್ಕಪಕ್ಕ ಇಟ್ಟು, ಬಫರ್ 256ರಲ್ಲಿ ಒಂದೇ ಸಿಂಥ್ ಮತ್ತು ಒಂದೇ ರಿವರ್ಬ್ ಇರುವ ಟ್ರ್ಯಾಕನ್ನು ಮತ್ತೆ ಮತ್ತೆ ಕಾಪಿ ಮಾಡುತ್ತಾ ಹೋದೆವು. ಹಳೆಯದು ಆರನೇ ಟ್ರ್ಯಾಕ್‌ಗೆ ಸಿಡಿಯಿತು. ಎಂ1 ಇಪ್ಪತ್ತು ದಾಟಿದ ಮೇಲೂ ಸುಮ್ಮನೆ ನುಡಿಯುತ್ತಿತ್ತು, ನಾವೇ ನಿಲ್ಲಿಸಿದೆವು. ಆಮೇಲೆ ಅದೇ ಹಳೇ ಐಪ್ಯಾಡ್‌ನಲ್ಲಿ ಬರೀ ಹಾಡಿದ ಟ್ರ್ಯಾಕ್‌ಗಳನ್ನು, ಸಿಂಥ್ ಇಲ್ಲದೆ, ಇಪ್ಪತ್ತು ಹಾಕಿದೆವು. ಒಂದು ಸಿಡಿತವೂ ಇಲ್ಲ! ಮೊದಲೇ ರೆಕಾರ್ಡ್ ಆದ ದನಿಯನ್ನು ಓದಿ ಕೊಡುವುದು ಹಗುರ ಕೆಲಸ. ಹೊಸದಾಗಿ ದನಿ ಹುಟ್ಟಿಸುವುದೇ ಭಾರ.

ಅದಕ್ಕೇ ಹೇಳುತ್ತೇನೆ, ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಸ್ಟ್ರಿಂಗ್ಸ್ ಟ್ರ್ಯಾಕ್ ನುಡಿಸಿ ಮುಗಿದ ಕೂಡಲೇ ಅದನ್ನು ಫ್ರೀಜ್ ಮಾಡಿ. ಕ್ಯೂಬೇಸಿಸ್‌ನಲ್ಲಿ ಆ ಸೌಲಭ್ಯ ಇದೆ. ಸಿಂಥ್ ಹುಟ್ಟಿಸಿದ ದನಿ ಫೈಲ್ ಆಗಿ ಕೂರುತ್ತದೆ, ಪ್ರೊಸೆಸರ್‌ಗೆ ಬಿಡುವು ಸಿಗುತ್ತದೆ. ಬದಲಾಯಿಸಬೇಕು ಅನಿಸಿದರೆ ತಿರುಗಿ ಬಿಡಿಸಿಕೊಳ್ಳಬಹುದು. ಮಿಕ್ಸ್ ಮಾಡುವಾಗ ಬಫರ್ 1024ಕ್ಕೆ ಏರಿಸಿ. ಬೇರೆ ಆ್ಯಪ್ ಎಲ್ಲಾ ಮುಚ್ಚಿ, ಏರ್‌ಪ್ಲೇನ್ ಮೋಡ್ ಹಾಕಿ, ಲೋ ಪವರ್ ಮೋಡ್ ಆನ್ ಇದ್ದರೆ ತೆಗೆಯಿರಿ. ಇದೆಲ್ಲಾ ಮಾಡಿ ಒಂದು ವಾರ ನೋಡಿ.

ಬಿಸಿಲೂರು, ಕಲಬುರಗಿ:

ಸ್ಟುಡಿಯೋ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿಸಿ. ಟ್ಯಾಬ್ಲೆಟ್‌ನಲ್ಲಿ ಫ್ಯಾನ್ ಇಲ್ಲ. ಆ್ಯಪಲ್‌ನವರೇ ಸುತ್ತಲಿನ ಉಷ್ಣತೆ 35 ಡಿಗ್ರಿ ದಾಟದಂತೆ ಬಳಸಿ ಅನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್ ಮೇ ಅಂದರೆ 40 ದಾಟುವುದು ಮಾಮೂಲಿ. ಮೈಕ್ ಎದುರು ಹಾಡುವಾಗ ಸದ್ದು ಸೇರಬಾರದು ಅಂತ ಮನೆಯ ಫ್ಯಾನ್ ಆಫ್ ಮಾಡುತ್ತೇವೆ, ಕಿಟಕಿ ಮುಚ್ಚುತ್ತೇವೆ. ಹತ್ತು ನಿಮಿಷಕ್ಕೆ ಕೋಣೆ ಕುಲುಮೆ ಆಗುತ್ತದೆ. ಮೊದಲು ಸ್ಕ್ರೀನ್ ಮಂಕಾಗುತ್ತದೆ, ಆಮೇಲೆ ಚಿಪ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ಆಮೇಲೆ ಪಟಪಟ. ಬೆಳಗ್ಗೆ ಐದಕ್ಕೆ ಚೆನ್ನಾಗಿ ಓಡಿದ ಅದೇ ಪ್ರಾಜೆಕ್ಟ್ ಮಧ್ಯಾಹ್ನ ಮೂರಕ್ಕೆ ಓಡಲ್ಲ. ಹೊಸ ಟ್ಯಾಬ್ಲೆಟ್ ತಗೊಂಡೆ, ಅದಕ್ಕೂ ಇದೇ ಕಥೆ, ಸ್ವಲ್ಪ ತಡವಾಗಿ ಅಷ್ಟೇ.

ನಾನು ಈಗ ದಪ್ಪ ಕವರ್ ತೆಗೆದು, ಸ್ಟೀಲ್ ತಟ್ಟೆ ಬೋರಲು ಹಾಕಿ ಅದರ ಮೇಲೆ ಇಟ್ಟುಕೊಳ್ಳುತ್ತೇನೆ. ಚಾರ್ಜ್‌ಗೆ ಹಾಕಿಕೊಂಡು ರೆಕಾರ್ಡ್ ಮಾಡುವುದಿಲ್ಲ, ಮೊದಲೇ ತುಂಬಿಸಿಕೊಳ್ಳುತ್ತೇನೆ. ಫ್ರಿಜ್ಜಿನಲ್ಲಿ ಇಡಬೇಡಿ ಮಾತ್ರ, ಒಳಗೆ ಹನಿ ಕೂರುತ್ತದೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಈ ಕಷ್ಟ ಇಲ್ಲ, ನಿಮ್ಮ ಪುಣ್ಯ.

ಗಮಕಪ್ರಿಯೆ, ಮೈಸೂರು:

ನಾನು ವೀಣೆ ಟೀಚರ್. ಐಪ್ಯಾಡ್‌ನಲ್ಲಿ ಜಿಯೋಶ್ರೆಡ್ ಅನ್ನುವ, ಬೆರಳು ಜಾರಿಸಿ ನುಡಿಸುವ ವಾದ್ಯದ ಆ್ಯಪ್ ನುಡಿಸುತ್ತೇನೆ. ಮಹೇಶ್ ರಾಘವನ್ ಅವರು ಐಪ್ಯಾಡ್ ಮೇಲೆ ಕರ್ನಾಟಕ ಸಂಗೀತ ನುಡಿಸುವುದನ್ನು ನೋಡಿ ಶುರು ಮಾಡಿದ್ದು. ನನ್ನ ಅನುಭವ ಸ್ಟುಡಿಯೋ ಸರ್ ಅವರದಕ್ಕಿಂತ ಸ್ವಲ್ಪ ಬೇರೆ. ನನಗೆ ಟ್ರ್ಯಾಕ್ ಎಷ್ಟು ಅನ್ನುವುದು ಮುಖ್ಯವೇ ಅಲ್ಲ. ಬೆರಳು ಜಾರಿಸಿದ ಕ್ಷಣಕ್ಕೆ ಸ್ವರ ಬರಬೇಕು.

ಸ್ವರವನ್ನು ತೂಗುವ ಕಂಪಿತ ಗಮಕ ಹಿಡಿದಾಗ ಬೆರಳು ಎಷ್ಟು ಬೇಗ ಆಡುತ್ತದೆ ನೋಡಿ. ದನಿ 20 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಬೆರಳು ಒಂದು ಕಡೆ, ಕಿವಿ ಒಂದು ಕಡೆ. ಗೊತ್ತಿಲ್ಲದೇ ಬೆರಳು ನಿಧಾನ ಮಾಡುತ್ತೇವೆ, ಗಮಕ ಸತ್ತು ಹೋಗುತ್ತದೆ. ದನಿ ಗಾಳಿಯಲ್ಲಿ 10 ಮಿಲಿಸೆಕೆಂಡ್‌ಗೆ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಮೃದಂಗದವರು ವೇದಿಕೆಯ ಆ ತುದಿಗೆ ಕುಳಿತರೆ ಆಗುವಷ್ಟು ತಡ ಅದು, ಅದಕ್ಕೆ ಹೊಂದಿಕೊಳ್ಳಬಹುದು. ಅದರ ದುಪ್ಪಟ್ಟು ಆದರೆ ನನ್ನ ಕೈಯಲ್ಲಿ ಆಗುವುದಿಲ್ಲ.

ಹಳೇ ಐಪ್ಯಾಡ್‌ನಲ್ಲಿ 128 ಬಫರ್‌ಗೆ ಒಂದೇ ವಾದ್ಯ ಚೆನ್ನಾಗಿ ಬರುತ್ತಿತ್ತು. ಜೊತೆಗೆ ತಂಬೂರಿ, ರಿವರ್ಬ್ ಹಾಕಿದರೆ ಸಿಡಿಯುತ್ತಿತ್ತು. ಬಫರ್ ಏರಿಸಿದರೆ ಗಮಕ ಹೋಯಿತು, ಇಳಿಸಿದರೆ ದನಿ ಹೋಯಿತು. ಎಂ ಸಾಲಿನ ಏರ್‌ಗೆ ಬಂದ ಮೇಲೆ 64ರಲ್ಲಿ ಎಲ್ಲಾ ಒಟ್ಟಿಗೆ ನುಡಿಯುತ್ತದೆ. ನೇರ ನುಡಿಸುವವರಿಗೆ ಹೊಸದು ಬೇಕೇ ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ಫ್ರೀಜ್ ಮಾಡುವ ಉಪಾಯ ನಡೆಯಲ್ಲ.

ಆದರೆ ಹೊಸದು ತಗೊಂಡ ಮೊದಲ ದಿನ ನಾನು ಅತ್ತೇ ಬಿಟ್ಟೆ. ಹಳೆಯದಕ್ಕಿಂತ ಜಾಸ್ತಿ ತಡ! ಕಾರಣ ಏನು ಗೊತ್ತಾ? ಹೊಸದರಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತೇ ಇಲ್ಲ. ನಾನು ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದೆ. ಬ್ಲೂಟೂತ್ ಒಂದೇ 100-200 ಮಿಲಿಸೆಕೆಂಡ್ ತಿನ್ನುತ್ತದೆ. ಎಂಥ ಚಿಪ್ ಇದ್ದರೂ ಅದನ್ನು ಸರಿ ಮಾಡಲು ಆಗುವುದಿಲ್ಲ. ಯುಎಸ್‌ಬಿ-ಸಿ ಇಂದ 3.5 ಎಂಎಂಗೆ ಒಂದು ಚಿಕ್ಕ ಅಡಾಪ್ಟರ್ ತಂದೆ, ವೈರ್ ಹೆಡ್‌ಫೋನ್ ಹಾಕಿದೆ, ಸರಿ ಹೋಯಿತು. ಐಪ್ಯಾಡ್‌ನಲ್ಲೇ ತೂತು ಬೇಕು ಅನ್ನುವವರಿಗೆ 2021ರ ಒಂಬತ್ತನೇ ತಲೆಮಾರಿನ ಐಪ್ಯಾಡೇ ಕೊನೆ. ಆಮೇಲೆ ಬಂದ ಯಾವ ಐಪ್ಯಾಡ್‌ನಲ್ಲೂ ಇಲ್ಲ.

ಹುಬ್ಬಳ್ಳಿ ಬೀಟ್ಸ್:

ಆಂಡ್ರಾಯ್ಡ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ! ಕ್ಯೂಬೇಸಿಸ್ 2020ರಿಂದ ಆಂಡ್ರಾಯ್ಡ್‌ನಲ್ಲೂ ಇದೆ. ಎಫ್ಎಲ್ ಸ್ಟುಡಿಯೋ ಮೊಬೈಲ್ ಇದೆ, ಬ್ಯಾಂಡ್‌ಲ್ಯಾಬ್ ಇದೆ. ನಾನು ಜನಪದ ಹಾಡುಗಳಿಗೆ ಬೀಟ್ ಕಟ್ಟುವುದು ಇವುಗಳಲ್ಲೇ. ಸ್ಯಾಂಪಲ್ ಜೋಡಿಸಿ ಬೀಟ್ ಕಟ್ಟುವವರಿಗೆ ಕಡಿಮೆ ಬೆಲೆಯ ಟ್ಯಾಬ್ಲೆಟ್ ಸಾಕು.

ಆದರೆ ಸತ್ಯ ಹೇಳಬೇಕು. ನೇರ ನುಡಿಸುವ ವಿಷಯದಲ್ಲಿ ಆಂಡ್ರಾಯ್ಡ್ ಬಹಳ ವರ್ಷ ಹಿಂದೆ ಇತ್ತು. 2017ರಲ್ಲಿ ಆಂಡ್ರಾಯ್ಡ್ 8 ಜೊತೆ ದನಿಯ ತಡ ಕಮ್ಮಿ ಮಾಡುವ ಎಆಡಿಯೋ ವ್ಯವಸ್ಥೆ ಬಂದ ಮೇಲೆ ದಾರಿ ಸರಿಹೋಯಿತು. ಮೈಕ್‌ನಿಂದ ಒಳಗೆ ಹೋಗಿ ಹೊರಗೆ ಬರುವ ತಡ ಒಂದು ಮಿತಿಯ ಒಳಗಿದ್ದರೆ ಪ್ರೊ ಆಡಿಯೋ ಅಂತ ಗೂಗಲ್ ಗುರುತು ಕೊಡುತ್ತದೆ. ಎಲ್ಲಾ ಟ್ಯಾಬ್ಲೆಟ್‌ಗೂ ಆ ಗುರುತು ಇಲ್ಲ. ಒಂದೇ ಬೆಲೆಯ ಎರಡು ಟ್ಯಾಬ್ಲೆಟ್‌ನಲ್ಲಿ ಒಂದು ಚುರುಕು, ಒಂದು ಮಂದ. ಅಂಗಡಿಯಲ್ಲೇ ಪಿಯಾನೋ ಆ್ಯಪ್ ಹಾಕಿ ಬೆರಳಿಟ್ಟು ನೋಡಿ ತಗೊಳ್ಳಬೇಕು. ಐಪ್ಯಾಡ್‌ನಲ್ಲಿ 2015ರಿಂದ ಎಯುವಿ3 ಅಂತ ಪ್ಲಗಿನ್ ವ್ಯವಸ್ಥೆ ಇದೆ, ಒಂದು ಕಂಪನಿಯ ರಿವರ್ಬ್ ಇನ್ನೊಂದು ಕಂಪನಿಯ ಆ್ಯಪ್ ಒಳಗೆ ತೆರೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಅಷ್ಟು ಬೇರೂರಿದ ವ್ಯವಸ್ಥೆ ಇಲ್ಲ. ತೀರ್ಥಹಳ್ಳಿ ತಮ್ಮ ಆಗಲೇ ಐಪ್ಯಾಡ್ ಆ್ಯಪ್‌ಗಳಿಗೆ ದುಡ್ಡು ಹಾಕಿದ್ದರೆ ಅಲ್ಲೇ ಇರುವುದು ಒಳ್ಳೆಯದು.

ಹಳೇದು ಅಂದರೆ ಕಡೆಗಣಿಸಬೇಡಿ ಅಂತಲೂ ಹೇಳಬೇಕು. 2011ರಲ್ಲಿ ಐಪ್ಯಾಡ್‌ಗೆ ಆ್ಯಪಲ್‌ನ ರೆಕಾರ್ಡಿಂಗ್ ಆ್ಯಪ್ ಗ್ಯಾರೇಜ್‌ಬ್ಯಾಂಡ್ ಬಂದಾಗ ಅದರಲ್ಲಿ ಎಂಟೇ ಟ್ರ್ಯಾಕ್. ಅದಕ್ಕೂ ಮೊದಲು, 2010ರಲ್ಲಿ, ಗೊರಿಲ್ಲಾಜ್ ಅನ್ನುವ ಬ್ರಿಟಿಷ್ ಸಂಗೀತ ತಂಡದವರು ಅಮೆರಿಕ ಪ್ರವಾಸದಲ್ಲಿ ಓಡಾಡುತ್ತಲೇ ಒಂದು ಆಲ್ಬಮ್‌ನ ಬಹುಪಾಲು ಕೆಲಸ ಐಪ್ಯಾಡ್‌ನಲ್ಲಿ ಮುಗಿಸಿದರು. ಆ ಮೊದಲ ಐಪ್ಯಾಡ್‌ನಲ್ಲಿ ರ‍್ಯಾಮ್ ಇದ್ದದ್ದು 256 ಎಂಬಿ.

ಹಾರ್ಮೋನಿಯಂ ಹುಡುಗ:

ಒಂದು ವಾರ ಆಯಿತು, ಬಂದೆ. ಸ್ಟುಡಿಯೋ ಅಣ್ಣ ಹೇಳಿದ ಹಾಗೆ ಮಾಡಿದೆ. ಸ್ಟ್ರಿಂಗ್ಸ್, ತಂಬೂರಿ ಎರಡೂ ಫ್ರೀಜ್. ಬಫರ್ 1024. ರಿವರ್ಬ್ ಒಂದೊಂದು ಟ್ರ್ಯಾಕ್‌ಗೂ ಬೇರೆ ಬೇರೆ ಹಾಕಿದ್ದೆ, ಅದನ್ನು ತೆಗೆದು ಒಂದೇ ರಿವರ್ಬ್‌ಗೆ ಎಲ್ಲಾ ಟ್ರ್ಯಾಕ್ ಕಳಿಸಿದೆ. ಪಟಪಟ ನಿಂತೇ ಹೋಯಿತು! ಒಂದು ಪದ ಪೂರ್ತಿ ಮುಗಿಸಿದೆ. ಹನ್ನೆರಡು ಟ್ರ್ಯಾಕ್.

ಒಂದು ತಪ್ಪೂ ಕಂಡುಕೊಂಡೆ. ಅತ್ತೆ ಹಿಂದೆ ಹೇಳುವುದು ಯಾವಾಗಲೂ ಸ್ವಲ್ಪ ತಡ ಕೇಳುತ್ತಿತ್ತು. ಅವರಿಗೆ ಲಯ ಸರಿ ಇಲ್ಲ ಅಂದುಕೊಂಡಿದ್ದೆ. ಗಮಕಪ್ರಿಯೆ ಮೇಡಂ ಬರೆದದ್ದು ಓದಿ ನೋಡಿದರೆ, ಅತ್ತೆಗೆ ನಾನು ಕೊಟ್ಟಿದ್ದು ಬ್ಲೂಟೂತ್ ಇಯರ್‌ಫೋನ್. ವೈರ್ ಇಯರ್‌ಫೋನ್ ಕೊಟ್ಟು ಮತ್ತೆ ಹಾಡಿಸಿದೆ. ಅಜ್ಜಿಯ ಜೊತೆ ಕಚ್ಚಿಕೊಂಡ ಹಾಗೆ ಕೂತಿತು. ಅತ್ತೆಯ ಹತ್ತಿರ ಕ್ಷಮೆ ಕೇಳಿದೆ.

ಈಗ ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಒಂದು ಹಳೇ ಕ್ಯಾಸೆಟ್ ಇದೆ. ಮನೆಯ ಮದುವೆಯೊಂದರಲ್ಲಿ ಅಜ್ಜಿ ಮತ್ತು ಅವರ ತಂಗಿ ಹಾಡಿದ್ದು. ಚಿಕ್ಕಜ್ಜಿ ಈಗ ಇಲ್ಲ. ಹಿಂದೆ ವಾಲಗ, ಜನರ ಮಾತು, ಪಾತ್ರೆ ಸದ್ದು. ಆ ಇಬ್ಬರ ದನಿ ಮಾತ್ರ ಬಿಡಿಸಲು ಟ್ಯಾಬ್ಲೆಟ್‌ನಲ್ಲಿ ಆಗುತ್ತದಾ?

ಸ್ಟುಡಿಯೋ ಮೂಲೆ:

ಇದನ್ನು ಮೊದಲೇ ಹೇಳಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ಐಪ್ಯಾಡ್‌ಗೆ ಆ್ಯಪಲ್‌ನ ಸಂಗೀತ ಆ್ಯಪ್ ಲಾಜಿಕ್ ಪ್ರೊ ಬಂದದ್ದು 2023ರ ಮೇನಲ್ಲಿ. ಅದಕ್ಕೆ ಎ12 ಅಥವಾ ಆಮೇಲಿನ ಚಿಪ್ ಬೇಕು. ನಿಮ್ಮ ಎ10 ಮೇಲೆ ಅದು ಇನ್‌ಸ್ಟಾಲ್ ಆಗುವುದೇ ಇಲ್ಲ. 2024ರಲ್ಲಿ ಅದಕ್ಕೆ ಸ್ಟೆಮ್ ಸ್ಪ್ಲಿಟರ್ ಸೇರಿಸಿದರು. ಒಟ್ಟಿಗೆ ಕಲೆತ ಹಾಡನ್ನು ಕಂಠ, ಡ್ರಮ್ಸ್, ಬಾಸ್, ಗಿಟಾರ್, ಪಿಯಾನೋ, ಉಳಿದದ್ದು ಅಂತ ಬಿಡಿಸುತ್ತದೆ. ಅದಕ್ಕೆ ಎಂ ಸಾಲಿನ ಚಿಪ್ ಬೇಕು, ಇಲ್ಲವೇ ಐಪ್ಯಾಡ್ ಮಿನಿಯಲ್ಲಿರುವ ಎ17 ಪ್ರೊ. ಎ16 ಐಪ್ಯಾಡ್ ಹೊಸದಾದರೂ ಅದರಲ್ಲಿ ಈ ಕೆಲಸ ನಡೆಯುವುದಿಲ್ಲ. 2022ರ ಎಂ1 ಏರ್‌ನಲ್ಲಿ ನಡೆಯುತ್ತದೆ. ನಿಮ್ಮ ಆಯ್ಕೆ ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ ನನಗೆ.

ತುಂಬಾ ಆಸೆ ಇಟ್ಟುಕೊಳ್ಳಬೇಡಿ. ವಾಲಗ, ಪಾತ್ರೆ ಸದ್ದು ಇವಕ್ಕೆಲ್ಲಾ ಬೇರೆ ಪಟ್ಟಿ ಇಲ್ಲ, ಎಲ್ಲಾ ‘ಉಳಿದದ್ದು’ ಗುಂಪಿಗೆ ಹೋಗಬೇಕು. ನಾಗಸ್ವರ ಕಂಠದ ಹಾಗೇ ಎಳೆಯುವ ವಾದ್ಯ ಆದ್ದರಿಂದ ಅಲ್ಲಲ್ಲಿ ಕಂಠದ ಜೊತೆಗೇ ಅಂಟಿಕೊಂಡು ಬರಬಹುದು. ಇಬ್ಬರು ಹೆಂಗಸರ ದನಿಯನ್ನು ಒಂದರಿಂದ ಒಂದು ಬಿಡಿಸುವುದಿಲ್ಲ, ಇಬ್ಬರದೂ ಒಂದೇ ಟ್ರ್ಯಾಕ್‌ನಲ್ಲಿ ಬರುತ್ತದೆ. ಕ್ಯಾಸೆಟ್‌ನಿಂದ ಮೊದಲು ಒಳ್ಳೆಯ ಕಾಪಿ ತೆಗೆದುಕೊಳ್ಳಿ. ಪ್ಲೇಯರ್‌ನ ಹೆಡ್ ಸ್ಪಿರಿಟ್‌ನಲ್ಲಿ ಒರೆಸಿ, ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ ಹಿಂದಕ್ಕೆ ಸುತ್ತಿ, ಆಮೇಲೆ ರೆಕಾರ್ಡ್ ಮಾಡಿ. ಲಾಜಿಕ್‌ಗೆ ಚಂದಾ ಕಟ್ಟಬೇಕು, ಮೊದಲ ತಿಂಗಳು ಬಿಟ್ಟಿ. ಎಲ್ಲಾ ಸಿದ್ಧ ಮಾಡಿಕೊಂಡು ಆ ತಿಂಗಳಲ್ಲೇ ಕೆಲಸ ಮುಗಿಸಿ.

ಬಿಸಿಲೂರು:

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಎಚ್ಚರ. ನಾನು ಒಮ್ಮೆ ಮೋಸ ಹೋಗಿದ್ದೇನೆ. ಮನೆಗೆ ತಂದು ರೀಸೆಟ್ ಮಾಡಿದರೆ ಹಿಂದಿನವರ ಆ್ಯಪಲ್ ಐಡಿ ಪಾಸ್‌ವರ್ಡ್ ಕೇಳಿತು. ಮಾರಿದವರು ಫೋನ್ ಎತ್ತಲೇ ಇಲ್ಲ. ದುಡ್ಡು ಕೊಡುವ ಮೊದಲು ನಿಮ್ಮ ಎದುರಿಗೇ ಸೈನ್ ಔಟ್ ಮಾಡಿಸಿ, ರೀಸೆಟ್ ಮಾಡಿಸಿ, ನಿಮ್ಮ ಐಡಿ ಹಾಕಿ ಹೋಮ್ ಸ್ಕ್ರೀನ್ ಕಾಣುವವರೆಗೆ ಅಲ್ಲೇ ಇರಿ. ಸೆಟ್ಟಿಂಗ್ಸ್‌ನಲ್ಲಿ ‘ಈ ಐಪ್ಯಾಡ್ ಸಂಸ್ಥೆಯೊಂದರ ನಿರ್ವಹಣೆಯಲ್ಲಿದೆ’ ಅನ್ನುವ ಅರ್ಥದ ಸಾಲು ಕಂಡರೆ ಬೇಡವೇ ಬೇಡ. ಬ್ಯಾಟರಿ ನೋಡಲು ಅರ್ಧ ಗಂಟೆ ವಿಡಿಯೋ ಓಡಿಸಿ ಎಷ್ಟು ಇಳಿಯಿತು ನೋಡಿ. ಮೈಕ್, ಸ್ಪೀಕರ್, ಯುಎಸ್‌ಬಿ ಎಲ್ಲಾ ಪರೀಕ್ಷೆ ಮಾಡಿ.

ಗಮಕಪ್ರಿಯೆ:

ಹಳೆಯದನ್ನು ಮಾರಬೇಡಿ ಹುಡುಗ, ಸಿಗುವ ದುಡ್ಡು ಅಷ್ಟರಲ್ಲೇ ಇದೆ. ನನ್ನ ಹಳೇ ಐಪ್ಯಾಡ್ ಈಗ ತಂಬೂರಿ ಮತ್ತು ಸಾಹಿತ್ಯದ ಪುಟಕ್ಕೆ ಮೀಸಲು. ಹೊಸದರ ಮೇಲಿನ ಹೊರೆ ಅಷ್ಟು ಕಮ್ಮಿ. ಆದರೆ ಒಂದು ನೆನಪಿರಲಿ. ನಿಮ್ಮದು ಐಪ್ಯಾಡ್ಓಎಸ್ 17ಕ್ಕೆ ನಿಂತಿದೆ, ಮುಂದೆ ಹೋಗಲ್ಲ. ಓಡುತ್ತಿರುವ ಆ್ಯಪ್‌ಗಳನ್ನು ಡಿಲೀಟ್ ಮಾಡಬೇಡಿ, ಮತ್ತೆ ಹಾಕಲು ಹೋದರೆ ಹೊಸ ಓಎಸ್ ಕೇಳಬಹುದು.

ಹಾರ್ಮೋನಿಯಂ ಹುಡುಗ:

ಎಲ್ಲರಿಗೂ ಋಣಿ. ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಎಂ1 ಏರ್ ಸಿಕ್ಕಿತು, 64 ಜಿಬಿ. ಬಿಸಿಲೂರು ಅಣ್ಣ ಹೇಳಿದ ಹಾಗೆ ಅವರ ಮನೆಯಲ್ಲೇ ಒಂದು ಗಂಟೆ ಕೂತು ಎಲ್ಲಾ ನೋಡಿ ತಂದೆ. ಹಳೇ ಐಪ್ಯಾಡ್‌ನ ಪ್ರಾಜೆಕ್ಟ್ ಅದರಲ್ಲಿ ತೆರೆದು, ಫ್ರೀಜ್ ಎಲ್ಲಾ ಬಿಡಿಸಿ ಓಡಿಸಿದೆ. ಬಫರ್ 128ರಲ್ಲಿ ಒಂದೂ ಸಿಡಿತ ಇಲ್ಲ.

ನಿನ್ನೆ ರಾತ್ರಿ ಕ್ಯಾಸೆಟ್ ಹಾಕಿ ಬಿಡಿಸಿದೆ. ವಾಲಗ ಪೂರ್ತಿ ಹೋಗಲಿಲ್ಲ, ಅಣ್ಣ ಹೇಳಿದ್ದೇ ಸರಿ. ಆದರೆ ಮೊದಲ ಎರಡು ನಿಮಿಷ ವಾಲಗ ನಿಂತಿದ್ದಾಗ ಇಬ್ಬರ ದನಿ ಎಷ್ಟು ಸ್ಪಷ್ಟ ಬಂತು ಅಂದರೆ ಚಿಕ್ಕಜ್ಜಿ ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಅಜ್ಜಿಗೆ ವೈರ್ ಹೆಡ್‌ಫೋನ್ ಹಾಕಿ ಕೇಳಿಸಿದೆ. ಎರಡನೇ ಸೊಲ್ಲಿಗೆ ಅಜ್ಜಿ ತಾವೂ ಹಾಡಲು ಶುರು ಮಾಡಿದರು. ತಂಗಿ ಎತ್ತಿಕೊಟ್ಟ ಕಡೆ ಇವರು ಹಿಂದೆ ಹೇಳಿದರು. ನಾನು ಓಡಿ ಹೋಗಿ ಮೈಕ್ ತರುವಷ್ಟರಲ್ಲಿ ಅರ್ಧ ಪದ ಮುಗಿದಿತ್ತು. ನಾಳೆ ಬೆಳಗ್ಗೆ ಮೈಕ್ ಸಿದ್ಧ ಇಟ್ಟುಕೊಂಡು ಇನ್ನೊಮ್ಮೆ ಕೇಳಿಸುತ್ತೇನೆ.

ಸ್ಟುಡಿಯೋ ಮೂಲೆ:

48,000 ಸ್ಯಾಂಪಲ್ ರೇಟ್, 24 ಬಿಟ್ ಇಟ್ಟು ರೆಕಾರ್ಡ್ ಮಾಡಿ. ಒಂದು ಮೋನೋ ಟ್ರ್ಯಾಕ್‌ಗೆ ನಿಮಿಷಕ್ಕೆ 8.6 ಎಂಬಿ ಆಗುತ್ತದೆ. ಐದು ನಿಮಿಷದ ಪದಕ್ಕೆ ಇಪ್ಪತ್ತು ಟ್ರ್ಯಾಕ್ ಅಂದರೆ 860 ಎಂಬಿ ಹತ್ತಿರ. 64 ಜಿಬಿ ಬೇಗ ತುಂಬುತ್ತದೆ. ಕ್ಯಾಸೆಟ್‌ನಿಂದ ತೆಗೆದ ಮೂಲ ಫೈಲ್‌ಗೆ ಕೈ ಹಚ್ಚದೆ ಇವತ್ತೇ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಇಡಿ. ಇನ್ನೊಂದು ಕಾಪಿ ಅತ್ತೆಯ ಮನೆಯಲ್ಲಿ ಇರಲಿ.